ಶಾಯಿ ಕುಡಿಯದ ಕಾಗದ ಆರಿಸಿದ ಮಾನ್ಯರಿಗೆ

ಹುಡಗಿ, ತಾ. ಹುಮನಾಬಾದ
12 ಆಗಸ್ಟ್ 1974

ಕಚೇರಿ ಸಾಮಾನು ಖರೀದಿ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಇಬ್ಬರು ಸದಸ್ಯರಿಗೂ, ತಾವು ಹುಮನಾಬಾದಿನ ಕಚೇರಿಗಾಗಿ ಆರಿಸಿದ ನುಣುಪು ಕಾಗದಕ್ಕೂ ಹುಡಗಿ ಗ್ರಾಮಸ್ಥರ ಪರವಾಗಿ ವಂದನೆಗಳು. ಮುಖ ನೋಡಿ ತಲೆ ಬಾಚಿಕೊಳ್ಳಬಹುದಾದಷ್ಟು ಹೊಳೆಯುವ ಕಾಗದ ನಮ್ಮ ಚಾವಡಿಯ ಗೋಡೆ ಹಿಂದೆಂದೂ ಕಂಡಿರಲಿಲ್ಲ.

ಪ್ರತಿಗಳನ್ನು ಅಚ್ಚು ಹಾಕುವ ಸೈಕ್ಲೋಸ್ಟೈಲ್ ಯಂತ್ರಕ್ಕೆ ಕಾಗದ ಆರಿಸುವ ದಿನ, ಬಸವಕಲ್ಯಾಣದ ವ್ಯಾಪಾರಿ ತಂದ ಎರಡು ಮಾದರಿಗಳ ಮೇಲೂ ತಾವು ಫೌಂಟನ್ ಪೆನ್ನಿನಿಂದ ಸಹಿ ಮಾಡಿ ನೋಡಿದಿರಂತೆ. ಒರಟು ಕಾಗದದಲ್ಲಿ ಸಹಿ ಹರಡಿತು, ಕಳಪೆಯೆಂದು ತಳ್ಳಿದಿರಿ. ನುಣುಪು ಕಾಗದದಲ್ಲಿ ಮುತ್ತಿನಂತೆ ನಿಂತಿತು. ನಲವತ್ತು ರೀಮು ತರಿಸಿದಿರಿ. ಹನ್ನೊಂದು ವರ್ಷದಿಂದ ಆ ಯಂತ್ರದ ಹಿಡಿಕೆ ತಿರುಗಿಸುತ್ತಿರುವ ಅಲ್ಲಾಬಕ್ಷ, "ಸಾಹೇಬ್ರ, ಇದಕ್ಕ ಶಾಯಿ ಕುಡಿಯೋ ಕಾಗದನೇ ಬೇಕ್ರಿ, ಇಲ್ಲಂದ್ರ ಅಚ್ಚು ಒಣಗಂಗಿಲ್ಲ" ಎಂದದ್ದನ್ನು, ಪೆನ್ನಿಗೆ ಒಗ್ಗದ್ದು ಯಂತ್ರಕ್ಕೆ ಒಗ್ಗೀತೇ ಎಂಬ ಒಂದೇ ಮಾತಿನಲ್ಲಿ ಮುಗಿಸಿದಿರಿ. ಯಂತ್ರದ ಎಣ್ಣೆಶಾಯಿ ಬೇರೆ, ತಮ್ಮ ಜೇಬಿನ ಶಾಯಿ ಬೇರೆ ಎಂಬ ಕ್ಷುಲ್ಲಕ ಸಂಗತಿ ಅಷ್ಟು ಎತ್ತರದ ಕುರ್ಚಿಗೆ ಕಾಣಿಸಬೇಕೆಂದು ಬಯಸುವುದು ನಮ್ಮದೇ ತಪ್ಪು.

ಆ ಕಾಗದದ ಮೇಲೆ ಮೊದಲು ಅಚ್ಚಾದದ್ದು ನಮ್ಮೂರಲ್ಲಿ ಮನೆ ನಿವೇಶನ ಸಿಗುವವರ ಪಟ್ಟಿ. ಕಟ್ಟು ಕಟ್ಟಿ ಬಸ್ಸಿನಲ್ಲಿ ತರುವಷ್ಟರಲ್ಲಿ ಹಸಿ ಹಾಳೆಗಳು ಒಂದಕ್ಕೊಂದು ಮೆತ್ತಿ, ಹದಿನೇಳನೆಯ ಸಂಖ್ಯೆಯ ಮುಂದೆ ಹೆಸರಿನ ಬದಲು ಕಪ್ಪು ಮಚ್ಚೆ ಉಳಿದಿದೆ. ಅದು ಪರರ ಕೊಟ್ಟಿಗೆಯ ಮೂಲೆಯಲ್ಲಿ ಬಾಳುತ್ತಿರುವ ಕೂಲಿಯಾಳು ಗಯಾಬಾಯಿಯ ಹೆಸರು. ಪಟ್ಟಿ ಮಾಡಿದ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದ್ದನ್ನು ಊರೆಲ್ಲ ಕೇಳಿದೆ. ಆದರೆ ಕೈಬರಹದ ಮೂಲ ಪಟ್ಟಿ ಬೀದರಿಗೆ ಹೋಗಿದೆಯಂತೆ, ಅಚ್ಚಿನಲ್ಲಿ ಕಾಣದವರಿಗೆ ಜಾಗವಿಲ್ಲವಂತೆ. "ಆಯಿ, ಇದರಾಗ ನಿನ್ನ ಹೆಸರ ಇಲ್ಲ" ಎಂದ ತಮ್ಮ ಗುಮಾಸ್ತರಿಗೆ ಆಕೆ, "ಓದಾಕ ಬರವಲ್ದು ಅನ್ರಿ, ಇಲ್ಲ ಅಂತ ಯಾಕ ಅಂತೀರಿ? ನನಗ ಓದಾಕ ಬರಂಗಿಲ್ಲ, ಹಂಗಂತ ಊರಾಗ ಯಾರ ಹೆಸರೂ ಇಲ್ಲ ಅಂತೀನೇನು?" ಎಂದಳು. ಅಕ್ಷರ ಬಲ್ಲ ನಮ್ಮನ್ನೂ ಬಾರದ ಆಕೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ತಮ್ಮ ಸಮಾನತೆಯ ಸಾಧನೆ ಸಣ್ಣದಲ್ಲ.

ಆದ್ದರಿಂದ, ಶಾಯಿಯು ಇನ್ನು ಮುಂದೆ ಸೂರ್ಯಾಸ್ತದೊಳಗೆ ಒಣಗತಕ್ಕದ್ದೆಂದು ತಾವು ಸುತ್ತೋಲೆ ಹೊರಡಿಸಬೇಕು. ಸುತ್ತೋಲೆಯನ್ನು ಮಾತ್ರ ಬೇರೆ ಕಾಗದದಲ್ಲಿ. ಇಲ್ಲವೇ ನಿತ್ಯ ಚಾವಡಿಗೆ ಬಂದು ಆ ಮಚ್ಚೆಯನ್ನು ಓದಿ ಹೇಳಬೇಕು. ಎರಡೂ ಕಷ್ಟವಾದರೆ, ತಾವು ಅಂದು ತಳ್ಳಿದ ಒರಟು ಕಾಗದದ ಒಂದೇ ಹಾಳೆ ಸಾಕು. ಪಟ್ಟಿಯನ್ನು ಕೊರೆದ ಅಚ್ಚುಹಾಳೆ, ಆ ಸ್ಟೆನ್ಸಿಲ್, ಇನ್ನೂ ಹರಿದಿಲ್ಲ, ಅಲ್ಲಾಬಕ್ಷ ಮತ್ತೆ ಅಚ್ಚು ತೆಗೆಯಲು ಸಿದ್ಧನಿದ್ದಾನೆ. ಸಮಿತಿ ಸೇರದೆ ಹಾಳೆ ಕೊಳ್ಳುವಂತಿಲ್ಲ ಎನ್ನುವುದಾದರೆ, ಆ ಹಾಳೆಯನ್ನು ನಾವೇ ದಾನ ಕೊಡುತ್ತೇವೆ.

ತಮ್ಮ ಸಹಿಯ ಅಂದವನ್ನು ಬಲ್ಲ ತಮ್ಮ ವಿಶ್ವಾಸಿ,
ಮಹಾರುದ್ರಪ್ಪ

ತಾ.ಕ.: ಪಟ್ಟಿಗೆ ಆಕ್ಷೇಪಣೆ ಸಲ್ಲಿಸುವ ಗಡುವು ಮುಗಿದಿದೆ ಎಂದು ತಮ್ಮ ಗುಮಾಸ್ತರು ಇಂದು ಚಾವಡಿಯಲ್ಲಿ ನಾವು ಹತ್ತು ಜನರ ಮುಂದೆ ಪಟ್ಟಿಯ ಅಡಿಯ ತಾರೀಖಿಗೆ ಬೆರಳೊತ್ತಿ ತೋರಿಸಿದರು. ಬೆರಳು ತೆಗೆದಾಗ ತಾರೀಖು ಅವರ ಬೆರಳಿಗೇ ಬಂದಿತ್ತು. ಈಗ ಪಟ್ಟಿಯಲ್ಲಿ ಗಡುವೇ ಇಲ್ಲ. ನಾಳೆ ಹತ್ತು ಗಂಟೆಗೆ ಗಯಾಬಾಯಿಯ ಆಕ್ಷೇಪಣೆಯೊಂದಿಗೆ ಆ ಹತ್ತೂ ಜನ ತಮ್ಮ ಕಚೇರಿಗೆ ಬರುತ್ತಿದ್ದೇವೆ.