ಡಿಸ್ಪೆನ್ಸರಿಯಲ್ಲಿ ಫಿಸಿಕ್ಸ್ ಕ್ಲಾಸು

ಕುತೂಹಲ ಒಳ್ಳೆಯದು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಯಾವ ವಯಸ್ಸಿನಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದನ್ನು ನಾವೇ ಪೆಟ್ಟು ತಿಂದು ಕಲಿಯಬೇಕು. ಎದುರು ಫ್ಲ್ಯಾಟಿಗೆ ಬಂದ ಹೊಸ ಬಾಡಿಗೆಯವರು ಯಾವ ಕಡೆಯವರು, ಮೀನು ತಿನ್ನುತ್ತಾರೋ ಇಲ್ಲವೋ, ಗಂಡ ಹೆಂಡತಿ ಮಾತಾಡಿಕೊಳ್ಳುತ್ತಾರೋ ಇಲ್ಲವೋ ಎಂಬ ಕುತೂಹಲಕ್ಕೆ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಒಳ್ಳೆಯ ಮರ್ಯಾದೆ ಇದೆ. ಅಂಥವರನ್ನು ಹುಡುಕಿ ಸೆಕ್ರೆಟರಿ ಮಾಡುತ್ತೇವೆ. ಆದರೆ ಈ ಫ್ಲ್ಯಾಟು, ಈ ಗೋಡೆ, ಗೋಡೆಯನ್ನು ಮುಟ್ಟುವ ಈ ಕೈ, ಇವೆಲ್ಲ ನಿಜಕ್ಕೂ ಏನು ಎಂಬ ಕುತೂಹಲ ಹುಟ್ಟಿದವನನ್ನು ಯಾರೂ ಯಾವುದಕ್ಕೂ ಆರಿಸುವುದಿಲ್ಲ. ನನಗೆ ಬಂದದ್ದು ಈ ಎರಡನೆಯ ನಮೂನೆಯದ್ದು. ಅದೂ ಎಂಬಿಬಿಎಸ್ ಮೊದಲ ವರ್ಷದಲ್ಲಿ, ಮೆರಿಟ್ ಸೀಟು ಸಿಕ್ಕಿ ಊರಿಗೆಲ್ಲ ಪೇಡೆ ಹಂಚಿಯಾದ ಮೇಲೆ ಬಂತು. ಹತ್ತೇ ತಿಂಗಳಲ್ಲಿ ನಾನು ಆ ಸೀಟು ಬಿಟ್ಟು ಫಿಸಿಕ್ಸ್ ಓದಲು ಹೋದೆ. ಮುಂಬಯಿಯ ಲೋಕಲ್ ಟ್ರೇನಿನಲ್ಲಿ ಮೂವರ ಬೆಂಚಿನ ತುದಿಗೆ ಸಿಕ್ಕ ನಾಲ್ಕನೇ ಸೀಟಿನ ಅಂಚನ್ನೂ ಕಲ್ಯಾಣದವರೆಗೆ ಬಿಡದ ಜನರ ನಡುವೆ ಹುಟ್ಟಿ ಬೆಳೆದವನು ನಾನು. ಅವರಿಗೆ ನನ್ನ ತಲೆಯ ಬಗ್ಗೆ ಸಂಶಯ ಬಂದದ್ದರಲ್ಲಿ ತಪ್ಪಿಲ್ಲ.

ನನ್ನ ಅಪ್ಪ ಉಡುಪಿಯ ಕಡೆಯಿಂದ ಬಂದು ವಿಠ್ಠಲವಾಡಿ ಸ್ಟೇಶನ್ ಹತ್ತಿರ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದವರು. ನಮ್ಮ ಮನೆ ಡೊಂಬಿವಲಿ ಪೂರ್ವದಲ್ಲಿ, ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳ ವಾಸನೆ ಗಾಳಿ ಬೀಸಿದ ದಿಕ್ಕಿಗೆ ತಕ್ಕಂತೆ ಬಂದು ಹೋಗುವ ಕಡೆ. ಸೀಟು ಸಿಕ್ಕಿದ ತಿಂಗಳಿಗೇ ಅಪ್ಪ ನಮ್ಮ ಬಿಲ್ಡಿಂಗಿನ ಕೆಳಗಿದ್ದ ಒಂದು ಮಳಿಗೆಯನ್ನು ಕೊಂಡು ಡಿಸ್ಪೆನ್ಸರಿ ಮಾಡಿಸಲು ಶುರುಮಾಡಿದರು. ಇನ್ನೂ ಐದೂವರೆ ವರ್ಷ ಉಂಟಲ್ಲ ಎಂದು ಅಮ್ಮ ಹೇಳಿದ್ದಕ್ಕೆ, ಗಿರಾಕಿ ಬಂದು ಕೂತ ಮೇಲೆ ಅಕ್ಕಿ ನೆನೆ ಹಾಕುತ್ತಾರಾ ಎಂದು ಕೇಳಿದರು. ಹೋಟೆಲಿನವರ ಬುದ್ಧಿ ಅದು. ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಇಡ್ಲಿ ಬೆಂದಿರಬೇಕು, ಚಟ್ನಿ ರುಬ್ಬಿರಬೇಕು. ಹಾಗೆ ನಾನು ಮೊದಲನೆಯ ಎಲುಬಿನ ಹೆಸರು ಬಾಯಿಪಾಠ ಮಾಡುವಷ್ಟರಲ್ಲಿ ಇಲ್ಲಿ ಮಂಜು ಗಾಜಿನ ಪಾರ್ಟಿಶನ್ ಬಂತು, ಡಾಕ್ಟರು ಕೈತೊಳೆಯಲು ಬೇಸಿನ್ ಬಂತು, ರೋಗಿಗಳಿಗೆ ಉದ್ದನೆಯ ಬೆಂಚು ಬಂತು, ಕಂಪೌಂಡರ್ ಔಷಧದ ಪೊಟ್ಟಣ ದಾಟಿಸಲು ಪಾರ್ಟಿಶನ್ನಿನಲ್ಲಿ ಒಂದು ಅರ್ಧಚಂದ್ರಾಕಾರದ ಕಿಟಕಿ ಬಂತು. ಶಟರಿನ ಮೇಲೆ ಆಯಿಲ್ ಪೇಂಟಿನಲ್ಲಿ ಆಳೆತ್ತರದ ಕೆಂಪು ಕ್ರಾಸು ಸಹ ಬಂತು. ಬಾರದೆ ಉಳಿದದ್ದು ಡಾಕ್ಟರು ಒಬ್ಬನೇ.

ಅವನು ಆ ಹೊತ್ತಿಗೆ ಹೆಣದ ಮುಂದೆ ನಿಂತು ಬೇರೆಯೇ ಯೋಚನೆಯಲ್ಲಿದ್ದ. ಡಿಸೆಕ್ಷನ್ ಹಾಲಿನಲ್ಲಿ ಉಳಿದವರಿಗೆ ಮೊದಲ ವಾರ ವಾಕರಿಕೆ ಬಂದು ಎರಡನೆಯ ವಾರ ಹಸಿವಾಗತೊಡಗಿತು. ನನಗೆ ವಾಕರಿಕೆ ಬರಲಿಲ್ಲ, ಪ್ರಶ್ನೆ ಬಂತು. ಈ ಕೈಗೆ ಮೂರು ತಿಂಗಳ ಹಿಂದೆ ನೋವಾಗುತ್ತಿತ್ತು, ಈಗ ಆಗುವುದಿಲ್ಲ. ನರ ಇದೆ, ಸ್ನಾಯು ಇದೆ, ಎಲ್ಲ ಇದ್ದಲ್ಲೇ ಇದೆ. ಹಾಗಾದರೆ ಹೋದದ್ದು ಏನು? ನರ ಎಂದರೆ ಜೀವಕೋಶ, ಜೀವಕೋಶ ಎಂದರೆ ಅಣು, ಅಣು ಎಂದರೆ ಪರಮಾಣು, ಪರಮಾಣು ಎಂದರೆ ಬಹುಪಾಲು ಖಾಲಿ ಜಾಗ. ನಾವು ನೂರೈವತ್ತು ಜನ ಬಿಳಿ ಕೋಟು ಹಾಕಿಕೊಂಡು ಖಾಲಿ ಜಾಗದ ಒಂದೊಂದು ಮೂಲೆಗೂ ಲ್ಯಾಟಿನ್ ಹೆಸರು ಉರುಹೊಡೆಯುತ್ತಿದ್ದೇವೆ ಎಂದು ನನಗನ್ನಿಸಿತು. ಅನ್ನಿಸಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬಹುದಿತ್ತು. ಆದರೆ ಮೌಖಿಕ ಪರೀಕ್ಷೆಯ ದಿನ ಮರಾಠಿಯವರಾದ ಅನಾಟಮಿ ಮೇಷ್ಟರೊಬ್ಬರು ಒಂದು ಎಲುಬನ್ನು ಕೈಗೆ ಕೊಟ್ಟು ಇದು ಏನು ಎಂದು ಕೇಳಿದಾಗ, ಸರ್, ನೀವು ಇದರ ಹೆಸರು ಕೇಳುತ್ತಿದ್ದೀರೋ ಅಥವಾ ಇದು ಏನು ಎಂದು ಕೇಳುತ್ತಿದ್ದೀರೋ ಎಂದುಬಿಟ್ಟೆ. ಅದು ಬಲತೋಳಿನ ಎಲುಬೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೇಷ್ಟರು ಬೈಯಲಿಲ್ಲ. ಎಲುಬನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, ಬೆಳಗ್ಗೆ ಏನಾದರೂ ತಿಂದಿದ್ದೀಯಾ, ಹೋಗಿ ಒಂದು ಚಹಾ ಕುಡಿ ಎಂದರು. ಅವರು ನನ್ನ ರೋಗವನ್ನು ಸರಿಯಾಗಿಯೇ ಗುರುತಿಸಿದ್ದರು. ಔಷಧ ಮಾತ್ರ ಸಾಕಾಗಲಿಲ್ಲ.

ಅಪ್ಪನಿಗೆ ಹೇಳಲು ಮಧ್ಯಾಹ್ನದ ಊಟದ ಗಲಾಟೆ ಮುಗಿಯುವ ಹೊತ್ತನ್ನು ಆರಿಸಿಕೊಂಡೆ. ಹೋಟೆಲಿನ ಹಿಂದಿನ ಟೇಬಲ್ಲಿನಲ್ಲಿ ಅವರು ಊಟಕ್ಕೆ ಕೂತಿದ್ದರು. ನಾನು ಅರ್ಧ ಗಂಟೆ ಮಾತಾಡಿದೆ. ಡಾಕ್ಟರಿಕೆ ಎಂದರೆ ಕೆಟ್ಟ ಯಂತ್ರದ ರಿಪೇರಿ, ನನಗೆ ಬೇಕಾದದ್ದು ಯಂತ್ರ ಯಾತರದ್ದು ಎಂಬುದು, ಈ ಜಗತ್ತಿನ ವಾಸ್ತವ ಏನೆಂದು ತಿಳಿಯದೆ ನಾನು ಯಾರ ನಾಡಿಯನ್ನೂ ಹಿಡಿಯಲಾರೆ ಎಂದೆಲ್ಲ ಹೇಳಿದೆ. ಹತ್ತೊಂಬತ್ತು ವರ್ಷದವನ ಬಾಯಲ್ಲಿ ಇಂಥ ಮಾತು ಕೇಳುವ ಕಷ್ಟ ಯಾವ ತಂದೆಗೂ ಬೇಡ. ಅಪ್ಪ ಮಜ್ಜಿಗೆ ಅನ್ನ ಮುಗಿಸಿದರು. ಕೈತೊಳೆದರು. ಆಯಿತು ಎಂದರು. ಒಂದೇ ಒಂದು ಮಾತು. ನಾವು ಮನೆಯಲ್ಲಿ ಆಡುವುದು ತುಳು, ಆ ಭಾಷೆಯಲ್ಲಿ ಬೈಯಲು ಎಂತೆಂಥ ಅನುಕೂಲ ಉಂಟೆಂದು ಬಲ್ಲವರೇ ಬಲ್ಲರು. ಅದನ್ನೆಲ್ಲ ಬಿಟ್ಟು ಆಯಿತು ಎಂದದ್ದು ನನ್ನ ಎದೆಗೆ ಸೌಟಿನಲ್ಲಿ ಹೊಡೆದ ಹಾಗೆ ಆಯಿತು. ಅಂದಿನಿಂದ ಹದಿನೆಂಟು ವರ್ಷ ಅವರು ಆ ವಿಷಯ ಎತ್ತಲಿಲ್ಲ. ಅಪ್ಪ ನನ್ನನ್ನು ಕ್ಷಮಿಸಿಲ್ಲ ಎಂದು ಲೆಕ್ಕ ಹಾಕಿಕೊಂಡು ನಾನೂ ಎತ್ತಲಿಲ್ಲ.

ಫಿಸಿಕ್ಸಿನಲ್ಲಿ ವಾಸ್ತವ ನನಗಾಗಿ ಕಾದು ಕೂತಿತ್ತು ಎಂದು ನೀವು ಎಣಿಸಿದರೆ ನೀವೂ ನನ್ನಷ್ಟೇ ಮುಗ್ಧರು. ಬಿಎಸ್ಸಿಯಲ್ಲಿ, ಅದೆಲ್ಲ ಎಂಎಸ್ಸಿಯಲ್ಲಿ ಬರುತ್ತದೆ ಎಂದರು. ಎಂಎಸ್ಸಿಯಲ್ಲಿ, ಅರ್ಥ ಕೇಳಬೇಡ, ಲೆಕ್ಕ ಮಾಡು, ಉತ್ತರ ಸರಿ ಬರುತ್ತದಲ್ಲ ಎಂದರು. ಲೆಕ್ಕ ಮಾಡಿದೆ, ಉತ್ತರ ಸರಿ ಬಂತು. ಯಾತರ ಉತ್ತರ ಎಂದು ಕೇಳಬಾರದು, ಅಷ್ಟೆ. ಆಮೇಲೆ ನವಿ ಮುಂಬಯಿಯ ಒಂದು ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿದೆ. ಅಲ್ಲಿ ನಾಲ್ಕು ವರ್ಷ ಒಂದು ವ್ಯಾಕ್ಯೂಮ್ ಪಂಪಿನ ಲೀಕು ಹುಡುಕಿದೆ. ಗಾಳಿಯೇ ಇಲ್ಲದ ಜಾಗವೊಂದನ್ನು ತಯಾರಿಸಿ ಅದರೊಳಗೆ ಒಂದು ಚೂರು ಲೋಹ ಇಟ್ಟು ಅಳೆಯುವುದು ನನ್ನ ಕೆಲಸ. ಗಾಳಿ ಎಲ್ಲಿಂದಲೋ ನುಗ್ಗುತ್ತಿತ್ತು. ವಾಶರು ಬದಲಿಸಿದೆ, ಗ್ರೀಸು ಹಚ್ಚಿದೆ, ನಟ್ಟು ಬಿಗಿ ಮಾಡಿದೆ, ಒಳಗೆ ಗಾಳಿ ತುಂಬಿಸಿ ಹೊರಗೆ ಸಾಬೂನಿನ ನೀರು ಸವರಿ ಗುಳ್ಳೆ ಬರುತ್ತದೋ ಎಂದು ಕಣ್ಣಿಟ್ಟೆ. ನಮ್ಮ ಬೀದಿಯ ಸೈಕಲ್ ಅಂಗಡಿಯವನು ಪಂಕ್ಚರ್ ಹುಡುಕುವುದೂ ಹೀಗೆಯೇ. ಅವನಿಗೆ ಸಿಗುತ್ತಿತ್ತು, ನನಗೆ ಸಿಗಲಿಲ್ಲ. ಕೊನೆಗೆ ಸ್ಕಾಲರ್‌ಶಿಪ್ಪಿನ ಅವಧಿ ಮುಗಿಯಿತು, ಗೈಡು ನನ್ನ ಬೆನ್ನು ತಟ್ಟಿ ಕಳಿಸಿಕೊಟ್ಟರು.

ಡೊಂಬಿವಲಿಗೆ ವಾಪಸು ಬಂದಾಗ ಕೈಯಲ್ಲಿ ಎಂಎಸ್ಸಿ ಸರ್ಟಿಫಿಕೇಟು, ಕೆಳಗೆ ಹತ್ತು ವರ್ಷದಿಂದ ಯಾರಿಗೂ ಬಾಡಿಗೆಗೆ ಕೊಡದೆ ಅಪ್ಪ ದಿನಾ ಗುಡಿಸಿಟ್ಟ ಡಿಸ್ಪೆನ್ಸರಿ. ಅಲ್ಲಿಯೇ ಫಿಸಿಕ್ಸ್ ಕ್ಲಾಸು ತೆರೆದೆ. ಫಿಸಿಕ್ಸನ್ನು ಫಿಸಿಕ್ಸಿಗಾಗಿ ಕಲಿಯಲು ಬಂದವರ ಸಂಖ್ಯೆಯನ್ನು ಇಲ್ಲಿ ಹೇಳುವುದಿಲ್ಲ, ಹೇಳಲು ಸಂಖ್ಯೆಯೇ ಇಲ್ಲ. ಮೆಡಿಕಲ್ ಎಂಟ್ರೆನ್ಸಿಗೆ ಎಂದು ಬೋರ್ಡು ಬದಲಿಸಿದ ವಾರವೇ ರೋಗಿಗಳ ಬೆಂಚು ತುಂಬಿತು. ಡಾಕ್ಟರಾಗಲು ಒಲ್ಲೆ ಎಂದು ಓಡಿಬಂದವನ ಹೊಟ್ಟೆಪಾಡು ಊರಿನ ಮಕ್ಕಳನ್ನು ಡಾಕ್ಟರು ಮಾಡುವುದು! ಮಂಜು ಗಾಜಿನ ಹಿಂದೆ ನಾನು ಎಲೆಕ್ಟ್ರಾನಿನ ಚಿತ್ರ ಬರೆಯುತ್ತೇನೆ, ಬೇಸಿನ್ನಿನಲ್ಲಿ ಸೀಮೆಸುಣ್ಣದ ಕೈ ತೊಳೆಯುತ್ತೇನೆ. ಹೋಟೆಲನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟ ಅಪ್ಪ ಕಂಪೌಂಡರಿನ ಕಿಟಕಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಅಲ್ಲಿಂದ ನೋಟ್ಸು ಹಂಚುತ್ತಾರೆ, ಗೈರುಹಾಜರಾದವರ ಮನೆಗೆ ಫೋನು ಮಾಡುತ್ತಾರೆ, ಉಳಿದ ಹೊತ್ತು ಪೇಪರು ಮಡಚಿಟ್ಟುಕೊಂಡು ನನ್ನ ಪಾಠ ಕೇಳುತ್ತಾರೆ. ಏಳನೇ ಕ್ಲಾಸಿನವರೆಗೆ ಓದಿದವರು, ಇಂಗ್ಲಿಷ್ ಪಾಠ. ಅವರು ಕೂತಿರುವುದು ನನ್ನನ್ನು ಚುಚ್ಚುವುದಕ್ಕೇ ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ. ಡಾಕ್ಟರ ಕುರ್ಚಿಯಲ್ಲಿ ಕೂತು ಮಗ ಏನು ಮಾಡುತ್ತಿದ್ದಾನೆ ನೋಡಿ ಎಂದು ಬಂದವರಿಗೆಲ್ಲ ತೋರಿಸಿದ ಹಾಗೆ.

ಶಟರಿನ ಕೆಂಪು ಕ್ರಾಸು ಎಷ್ಟು ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ಅದನ್ನು ನೋಡಿ ಒಂದು ಮಧ್ಯಾಹ್ನ ಎಂಐಡಿಸಿಯಲ್ಲಿ ಲೋಡಿಂಗ್ ಕೆಲಸ ಮಾಡುವ ಕಲಬುರಗಿಯ ಶರಣಪ್ಪ ಎಂಬವರು ಒಳಗೆ ಬಂದರು. ಚೀಲ ಹೊರುವಾಗ ಎಡಗೈ ಜೋಮು ಹಿಡಿಯುತ್ತದೆ, ಮೊಣಕೈಯಿಂದ ಕಿರುಬೆರಳಿನವರೆಗೆ ಉರಿ ಎಂದರು. ನಾನು ಡಾಕ್ಟರಲ್ಲ, ಫಿಸಿಕ್ಸ್ ಹೇಳಿಕೊಡುವವನು ಎಂದೆ. ಹಾಗಂದರೆ ಏನು ಎಂದು ಕೇಳಿದರು. ಜಗತ್ತು ಯಾತರಿಂದ ಆಗಿದೆ, ಯಾಕೆ ಹೀಗಿದೆ ಎಂದು ತಿಳಿಯುವ ವಿದ್ಯೆ ಎಂದು ಸ್ವಲ್ಪ ಗತ್ತಿನಿಂದಲೇ ವಿವರಿಸಿದೆ. ಅವರ ಮುಖ ಅರಳಿತು.

"ಹಂಗಾರ ಔಷಧ ಬ್ಯಾಡ್ ಬಿಡ್ರಿ ಸರ," ಎಂದು ಕೈ ಮುಂದೆ ಚಾಚಿದರು. "ಈ ಬ್ಯಾನಿ ಯಾಕ ಆಗಲಕತ್ತದ ಅಂತ ಅಷ್ಟ್ ಹೇಳ್ರಿ."

ಮೊಣಕೈಯ ಹಿಂದೆ ಹಾದುಹೋಗುವ ಆ ನರದ ಹೆಸರು ನನಗೆ ಗೊತ್ತಿತ್ತು, ಹತ್ತು ತಿಂಗಳ ಓದಿನ ಉಳಿಕೆ. ಹೆಸರು ಹೇಳಿದರೆ ಅದು ಉತ್ತರವಲ್ಲವೆಂದು ಜಗಳವಾಡಿ ಬಂದವನು ನಾನೇ. ಪರಮಾಣುವಿನಿಂದ ಶುರುಮಾಡೋಣವೆಂದರೆ ಅಲ್ಲಿಂದ ಈ ಮನುಷ್ಯನ ಉರಿಯವರೆಗೆ ಬರುವ ದಾರಿ ನನಗೆ ಗೊತ್ತಿಲ್ಲ. ತೊದಲಿದೆ. ಶರಣಪ್ಪ ಮರ್ಯಾದಸ್ಥರು, ನಿಮಗ ಕ್ಲಾಸಿಗೆ ಹೊತ್ತಾಗತದ ಎಂದು ತಾವೇ ಎದ್ದರು. ಕಿಟಕಿಯಿಂದ ಅಪ್ಪ ಅವರನ್ನು ಕರೆದು ಹಿಂದಿನ ಬೀದಿಯ ಡಾಕ್ಟರ ವಿಳಾಸವನ್ನು ಚೀಟಿಯಲ್ಲಿ ಬರೆದು ದಾಟಿಸಿದರು. ಆ ಕಿಟಕಿ ತಾನು ಹುಟ್ಟಿದ ಉದ್ದೇಶಕ್ಕೆ ಬಳಕೆಯಾದದ್ದು ಅದೊಂದು ಸಲ. ನನಗೆ ಆ ದಿನ ಅಳು ಬಂದಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಪ್ಪ ನನ್ನ ಬಗ್ಗೆ ಹೊರಗೆ ಏನು ಹೇಳುತ್ತಾರೆ ಎಂಬುದು ನನ್ನ ಕಿವಿಗೂ ಬೀಳುತ್ತಿತ್ತು. ಕನ್ನಡ ಸಂಘದ ಸತ್ಯನಾರಾಯಣ ಪೂಜೆಯಲ್ಲಿ ಯಾರಾದರೂ, ಮಗ ಡಾಕ್ಟರಿಕೆ ಬಿಟ್ಟನಂತಲ್ಲ, ಎಂತ ಕತೆ ಮಾರಾಯ್ರೆ ಎಂದು ಕೆದಕಿದರೆ, ಅವನು ಅದಕ್ಕಿಂತ ದೊಡ್ಡದು ಓದಿದ್ದಾನೆ, ನಮಗೆಲ್ಲ ಅರ್ಥವಾಗುವಂಥದ್ದಲ್ಲ ಎನ್ನುತ್ತಿದ್ದರಂತೆ. ಎಂಥ ವ್ಯಂಗ್ಯ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ನೇರವಾಗಿ ಎರಡು ಬೈದು ಮುಗಿಸುವುದು ಬಿಟ್ಟು ಹೀಗೆ ಸಭೆಯಲ್ಲಿ ಸಣ್ಣ ಬೆಂಕಿಯಲ್ಲಿ ಹುರಿಯುವುದು ಯಾವ ನ್ಯಾಯ?

ಕಳೆದ ತಿಂಗಳು ಅಪ್ಪನಿಗೆ ಎರಡು ಸಲ ತಲೆ ತಿರುಗಿತು. ಥಾಣೆಯ ವರ್ತಕ ನಗರದಲ್ಲಿ ಕ್ಲಿನಿಕ್ ಇಟ್ಟಿರುವ ಅನಘಾಳ ಹತ್ತಿರ ಕರೆದುಕೊಂಡು ಹೋದೆ. ಅವಳು ನನ್ನ ಮೊದಲ ಬ್ಯಾಚಿನ ಹುಡುಗಿ, ಕಾರ್ಕಳದವರ ಮಗಳು. ಇಲ್ಲಿ ಹುಟ್ಟಿದ ಮಕ್ಕಳೆಲ್ಲರ ಹಾಗೆ ಕನ್ನಡ ಕೇಳಿದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅಪ್ಪನ ತೋಳಿಗೆ ಬಿಪಿಯ ಪಟ್ಟಿ ಸುತ್ತುತ್ತ, ಸರ್ ಇಲ್ಲದಿದ್ದರೆ ತನಗೆ ಸೀಟೇ ಸಿಗುತ್ತಿರಲಿಲ್ಲ ಎಂದಳು.

"ಇವನಿಗೂ ಸಿಕ್ಕಿತ್ತು ಮಗಾ," ಎಂದರು ಅಪ್ಪ. "ಮೆರಿಟಿನದ್ದು."

ಅನಘಾ ರಬ್ಬರಿನ ಬುರುಡೆ ಒತ್ತುವುದನ್ನು ನಿಲ್ಲಿಸಿದಳು. ಯಾಕೆ ಬಿಟ್ಟಿರಿ ಎಂದು ಕೇಳಿದಳು. ಇಷ್ಟು ವರ್ಷ ಮದುವೆ ಮುಂಜಿಗಳಲ್ಲಿ ಹೇಳಿ ಹೇಳಿ ನುಣುಪಾದ ಉತ್ತರವೊಂದು ನನ್ನಲ್ಲಿತ್ತು, ಅದನ್ನೇ ಹೇಳಿದೆ. ವಾಸ್ತವ ಏನೆಂದು ತಿಳಿಯಬೇಕಿತ್ತು.

"ಫಿರ್ ಪತಾ ಚಲಾ, ಸರ್?" ಎಂದಳು. ಕುಚೋದ್ಯವಲ್ಲ, ಪಾಪದ ಹುಡುಗಿ, ಆಮೇಲೆ ಗೊತ್ತಾಯಿತೇ ಎಂದು ನಿಜವಾಗಿ ಕೇಳಿದಳು.

ಅಪ್ಪ ತೋಳು ಚಾಚಿಕೊಂಡೇ ನನ್ನ ಕಡೆ ತಿರುಗಿದ್ದರು. ಆ ಮುಖದಲ್ಲಿ ವ್ಯಂಗ್ಯ ಹುಡುಕಿದೆ, ಅಭ್ಯಾಸಬಲ. ಕಾಣಲಿಲ್ಲ. ಪಾಠದ ಹೊತ್ತಿಗೆ ಕಿಟಕಿಯ ಹಿಂದೆ ಇರುತ್ತಿದ್ದ ಮುಖವೇ ಅದು, ಕಿವಿಗೊಟ್ಟ ಮುಖ. ಮೊದಲು ಬಿಪಿ ನೋಡಮ್ಮ, ಪೇಶಂಟನ್ನು ಮಾತಾಡಿಸಬಾರದು ಎಂದು ಮೇಷ್ಟರ ಗತ್ತಿನಲ್ಲಿ ಗದರಿದೆ. ಅವಳು ನೋಡಿದಳು, ಸ್ವಲ್ಪ ಜಾಸ್ತಿ ಇತ್ತು. ಮೂರು ನಮೂನೆಯ ಮಾತ್ರೆ ಬರೆದುಕೊಟ್ಟಳು.

ಸ್ಟೇಶನ್ನಿಗೆ ರಿಕ್ಷಾದಲ್ಲಿ ವಾಪಸು ಬರುವಾಗ ಅಪ್ಪ ಹೊರಗೆ ನೋಡುತ್ತ, ಆ ಹುಡುಗಿ ಕೇಳಿದ್ದಕ್ಕೆ ಹೇಳಬಹುದಿತ್ತಲ್ಲ ಎಂದರು. ನಾನು ರೇಗಿ, ಗೊತ್ತಾಗಿದ್ದರೆ ತಾನೇ ಹೇಳುವುದು ಎಂದೆ. ಅವರು ತಿರುಗಿ ನನ್ನನ್ನು ನೋಡಿದರು. ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಗೊತ್ತಾಗಲಿಲ್ವಾ?" ಎಂದರು. "ನಿನಗೆ ಅದು ಗೊತ್ತಾಗಿದೆ ಅಂತಲೇ ಎಣಿಸಿದ್ದೆ, ನಾನು ಕೇಳಿದರೆ ನನಗೆ ತಲೆಗೆ ಹೋಗ್ಲಿಕ್ಕಿಲ್ಲ ಅಂತ ಇಷ್ಟು ವರ್ಷ ಕೇಳಿರಲಿಲ್ಲ."

ನಾನು ಅನಘಾ ಕೊಟ್ಟ ಚೀಟಿಯನ್ನು ಬಿಡಿಸಿ ಮಾತ್ರೆಗಳ ಹೆಸರು ಓದತೊಡಗಿದೆ. ಯಾವ ಮಾತ್ರೆ ಯಾತಕ್ಕೆ ಎಂದು ಅಪ್ಪ ಕೇಳಿದರು. ಔಷಧಗಳ ಪಾಠ ಶುರುವಾಗುವುದು ಎಂಬಿಬಿಎಸ್ಸಿನ ಎರಡನೆಯ ವರ್ಷದಲ್ಲಿ. ಆದ್ದರಿಂದ ಅದೂ ನನಗೆ ಗೊತ್ತಿರಲಿಲ್ಲ.