ವಿಲಾಯತಿ ಚಾನೆಲ್ಲೂ ಕನ್ಯಾ ನೋಡುವ ಶಾಸ್ತ್ರವೂ

ಮರ್ಯಾದೆ ಉಳಿಸಿಕೊಳ್ಳಲು ನಾನು ಮುಂಚಿತವಾಗಿ ವ್ಯವಸ್ಥೆ ಮಾಡಿದ ದಿನವೇ ನಮ್ಮ ಮನೆಯಲ್ಲಿ ಎಡವಟ್ಟುಗಳು ನಡೆಯುತ್ತವೆ. ಏನೂ ಮಾಡದ ದಿನ ಎಲ್ಲವೂ ಸುಸೂತ್ರ. ಬಿ.ಎ. ಮುಗಿಸಿ ಬ್ಯಾಡಗಿಗೆ ಸೊಸೆಯಾಗಿ ಬಂದಾಗಿನಿಂದ ಮನೆಯ ಸಂಗತಿಗಳನ್ನು ತಾರೀಖು ಹಾಕಿ ಬರೆದಿಡುವ ರೂಢಿ ನನ್ನದು. ಆದ್ದರಿಂದ ಇದರಲ್ಲಿ ಒಂದಕ್ಷರವೂ ಹೆಚ್ಚಿಗೆ ಸೇರಿಲ್ಲ.

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ. ರಾಣೆಬೆನ್ನೂರಿನವರು ಸಂಜೆ ನಮ್ಮ ಮಗಳನ್ನು ನೋಡಲು ಬರುವವರಿದ್ದರು. ಮಗಳು ಹಾವೇರಿಯ ಕಾಲೇಜಿಗೆ ಹೋಗುತ್ತಿದ್ದ ಪ್ಯಾಸೆಂಜರ್ ರೈಲಿನಲ್ಲೇ ಆ ಹುಡುಗನೂ ನೌಕರಿಗೆ ಓಡಾಡುತ್ತಿದ್ದನಂತೆ. ಒಂದು ಮಾತೂ ಆಡಿಲ್ಲವೆಂದು ಮಗಳು ಆಣೆ ಮಾಡಿದಳು. ಆದರೆ ಹಿಂದಿನ ಎರಡು ಸಂಬಂಧ ತಪ್ಪಿದಾಗ ಹಾಯಾಗಿ ಊಟ ಮಾಡಿದವಳು ಈ ಸಲ ಮುಂಜಾನೆಯಿಂದ ನೀರೂ ಕುಡಿದಿರಲಿಲ್ಲ. "ಅವ್ವಾ, ಇದೊಂದು ಸಲ ನೀ ಏನೂ ವ್ಯವಸ್ಥಾ ಮಾಡಬ್ಯಾಡ," ಎಂದಷ್ಟೇ ಹೇಳಿದಳು.

ಹುಡುಗನ ತಾಯಿಗೆ ಓದಿದ ಮನೆತನವೇ ಬೇಕಂತೆ ಎಂದು ಮಧ್ಯಸ್ಥಿಕೆಯವರು ತಿಳಿಸಿದ್ದರು. ಬೀಗರಾಗುವವರು ಒಳಗೆ ಕಾಲಿಡುವಾಗ ನಮ್ಮ ಟಿವಿಯಲ್ಲಿ ಅತ್ತೆಯವರ ಅಳುವ ಧಾರಾವಾಹಿ ಇರಬಾರದಲ್ಲ. ಅದೇ ವಾರ ಕೇಬಲ್ಲಿನವನು ಬ್ರಿಟಿಷರ ಸಾರ್ವಜನಿಕ ಚಾನೆಲ್ಲೊಂದನ್ನು ಹಾಕಿದ್ದ. ಅದನ್ನೇ ಹಚ್ಚಿಡುವುದೆಂದು ತೀರ್ಮಾನಿಸಿದೆ. ಏನೇನು ಬರುತ್ತದೋ ಮೊದಲೇ ತಿಳಿದಿರಲಿ ಎಂದು ಮುಂಜಾನೆಯಿಂದಲೇ ಎಲ್ಲರೂ ನೋಡಲು ಕುಳಿತೆವು.

೧. ಜಾಹೀರಾತಿಲ್ಲದ ಮುಂಜಾನೆ

ಮೊದಲು ಬಂದದ್ದು ತೋಟಗಾರಿಕೆ. ಮುದುಕನೊಬ್ಬ ಗುಲಾಬಿ ಕಂಟಿಯ ಮುಂದೆ ಮೊಣಕಾಲೂರಿ ಕುಳಿತು, ಯಾವ ರೆಂಬೆ ಕತ್ತರಿಸಲಿ ಎಂದು ಅದನ್ನೇ ಕೇಳುವವನಂತೆ ಯೋಚಿಸುತ್ತಿದ್ದ. ನಮ್ಮ ಮನೆಯ ಅಡಿಗೆ ನಡೆಯುವುದು ಜಾಹೀರಾತಿನ ಲೆಕ್ಕದ ಮೇಲೆ. ಸೋಪಿನ ಪುಡಿ ಬಂದರೆ ರೊಟ್ಟಿ ತಿರುವಿ ಹಾಕಬೇಕು, ಟೂತ್‌ಪೇಸ್ಟ್ ಬಂದರೆ ಹಾಲು ಇಳಿಸಬೇಕು. ಅಲ್ಲಿಯ ಜನ ಕಟ್ಟುವ ಪರವಾನಗಿ ದುಡ್ಡಿನಿಂದ ನಡೆಯುವ ಈ ಚಾನೆಲ್ಲಿಗೆ ಜಾಹೀರಾತೇ ಇಲ್ಲ ಎಂಬುದು ಓದಿದ ನನಗೆ ಗೊತ್ತಿತ್ತು, ಒಲೆಗೆ ಗೊತ್ತಿರಲಿಲ್ಲ. ಮುದುಕ ಮೊದಲ ರೆಂಬೆ ಕತ್ತರಿಸುವಷ್ಟರಲ್ಲಿ ಹಾಲು ಉಕ್ಕಿ ಹರಿದು, ಹಂಚಿನ ಮೇಲಿನ ರೊಟ್ಟಿ ಇದ್ದಲಾಗಿತ್ತು.

ಅತ್ತೆಯವರು ಹೊಗೆಯಲ್ಲಿ ಕೆಮ್ಮುತ್ತ ಕೇಳಿದರು: "ಅಲ್ಲ, ಇವರ ಹೆಂಗಸರು ಅಡಗಿ ಯಾವಾಗ ಮಾಡ್ತಾರವಾ?"

೨. ಅರ್ಧ ಮೆಣಸಿನಕಾಯಿ

ಅವರ ಪ್ರಶ್ನೆಗೆ ಉತ್ತರವೆಂಬಂತೆ ಅಡಿಗೆಯ ಕಾರ್ಯಕ್ರಮ ಬಂತು. ಬಾಣಸಿಗ ಕೈಗೆ ರಬ್ಬರ್ ಗವಸು ತೊಟ್ಟು, ಒಂದೇ ಒಂದು ಕೆಂಪು ಮೆಣಸಿನಕಾಯಿಯನ್ನು ಹಾವು ಹಿಡಿಯುವಂತೆ ಹಿಡಿದ. ಸೀಳಿ ಬೀಜವನ್ನೆಲ್ಲ ತೆಗೆದು ಒಗೆದ. ಉಳಿದದ್ದರಲ್ಲಿ ಅರ್ಧ ಪಾತ್ರೆಗೆ ಹಾಕಿ, ಇದು ಆರು ಮಂದಿಗೆ, ಎಚ್ಚರದಿಂದಿರಿ ಎಂದ. ನಾನು ಕನ್ನಡದಲ್ಲಿ ತಿಳಿಸಿ ಹೇಳಿದೆ.

ನಮ್ಮ ಮನೆಯವರದು ಮೂರು ತಲೆಮಾರಿನ ಮೆಣಸಿನಕಾಯಿ ವ್ಯಾಪಾರ. ಅವರು ತಕ್ಷಣ ಪಕ್ಕದ ಅಂಗಡಿಯ ಇಬ್ಬರು ವ್ಯಾಪಾರಸ್ಥರನ್ನು ಕರೆಸಿದರು. ಮೂವರೂ ಸಾವಿನ ಮನೆಗೆ ಬಂದವರ ಹಾಗೆ ಸಾಲಾಗಿ ಕುಳಿತು ಉಳಿದ ಅಡಿಗೆ ನೋಡಿದರು. ಒಬ್ಬರು ಎದ್ದು ಹೋಗುವಾಗ ನಮ್ಮವರ ಹೆಗಲ ಮೇಲೆ ಕೈಯಿಟ್ಟು, "ಇವರಿಗೆ ಒಂದ ಚೀಲ ಮಾರಿದ್ರ ಮುಂದಿನ ಗಿರಾಕಿ ಅವರ ಮರಿಮಗನರೀ," ಎಂದು ಸಮಾಧಾನ ಹೇಳಿದರು.

೩. ಒಡಕಿಗೆ ಬೆಲೆ

ಮಧ್ಯಾಹ್ನ ಬಂದದ್ದು ಹಳೆಯ ಸಾಮಾನುಗಳ ಪರೀಕ್ಷೆ. ಊರಿನವರು ಅಟ್ಟದ ಮೇಲಿದ್ದದ್ದನ್ನೆಲ್ಲ ಹೊತ್ತು ತರುತ್ತಾರೆ; ಕನ್ನಡಕದ ಪಂಡಿತನೊಬ್ಬ ತಿರುಗಿಸಿ ನೋಡಿ ಬೆಲೆ ಹೇಳುತ್ತಾನೆ. ಮೂತಿ ಮುರಿದ ಚಹದ ಕೆಟಲಿಗೆ ಅವನು ಹೇಳಿದ ಬೆಲೆ ಕೇಳಿ ಅದನ್ನು ತಂದ ಹೆಂಗಸು ಕುರ್ಚಿ ಹಿಡಿದುಕೊಂಡಳು.

ನಾನು ಬೀಗರಿಗೆಂದು ಹುಬ್ಬಳ್ಳಿಯಿಂದ ತರಿಸಿದ್ದ ಹೊಸ ಕಪ್ಪು-ಬಸಿಗಳನ್ನು ಜೋಡಿಸಿಟ್ಟಿದ್ದೆ. ಸ್ವಲ್ಪ ಹೊತ್ತಿನಲ್ಲೇ ಅವೆಲ್ಲ ಮಾಯವಾಗಿ, ಆ ಜಾಗದಲ್ಲಿ ಕಿವಿ ಮುರಿದ ಹಳೆಯ ಕಪ್ಪುಗಳೂ ತಗ್ಗು ಬಿದ್ದ ತಂಬಿಗೆಯೂ ಬಂದು ಕುಳಿತಿದ್ದವು. ಅತ್ತೆಯವರ ಕೆಲಸ. ಹಳೆಯದನ್ನು ಬಂದವರ ಮುಂದೆ ಇಡುವುದು ನಮಗೆ ಶೋಭೆಯಲ್ಲ, ಮತ್ತು ನೀವೂ ಸಂಜೆ ಒಳಕೋಣೆಯಲ್ಲಿ ಆರಾಮಾಗಿ ಮಲಗಿ ಎಂದು ನಯವಾಗಿಯೇ ಹೇಳಿದೆ.

"ನಾ ಹೊರಗ ಕುಂದ್ರಾಕಿ," ಎಂದರು ಅವರು. "ಈ ಮನ್ಯಾಗ ಎಲ್ಲಾಕ್ಕಿಂತ ತುಟ್ಟಿ ಸಾಮಾನು ನಾನ ಇದ್ದೇನಿ."

೪. ಒಬ್ಬರೇ ವೀಕ್ಷಕರು

ಸಂಜೆ ಏನು ಬರುತ್ತದೆ ಎಂದು ಕೇಬಲ್ಲಿನವನಿಗೆ ಫೋನು ಮಾಡಿದೆ. ಅವನು ತುಂಬ ವಿನಯದಿಂದ ಹೇಳಿದ: "ಅಕ್ಕಾರ, ಆ ಚಾನೆಲ್ ಊರಾಗ ನೀವೊಬ್ಬರ ನೋಡಾಕತ್ತೀರಿ. ಏನರ ಚಲೋದು ಬಂದ್ರ ನನಗ ಫೋನ್ ಮಾಡ್ರಿ."

೫. ಬೀಗರ ಮುಂದೆ

ಬೀಗರು ಬಂದಾಗ ಟಿವಿಯಲ್ಲಿ ಚರ್ಚೊಂದರೊಳಗೆ ವಯಸ್ಸಾದವರು ಗಂಭೀರವಾಗಿ ಹಾಡುತ್ತಿದ್ದರು. ಇದಕ್ಕಿಂತ ಒಳ್ಳೆಯದನ್ನು ನಾನೇ ಆರಿಸಿದ್ದರೂ ಸಿಗುತ್ತಿರಲಿಲ್ಲ. ಹುಡುಗನ ತಾಯಿ ಟಿವಿ ನೋಡಿ, ನನ್ನನ್ನು ನೋಡಿ, ಸೆರಗು ಸರಿ ಮಾಡಿಕೊಂಡರು. ಹುಡುಗ ಮೈಯೆಲ್ಲ ಹಿಡಿಮಾಡಿಕೊಂಡು ಕುಳಿತ. ಜೊತೆಗೆ ಬಂದಿದ್ದ ಅವನ ಸೋದರಮಾವ ಗಳಗನಾಥದ ಕಡೆಯ ಒಕ್ಕಲುತನದವರು. ನಿರ್ಧಾರವೆಲ್ಲ ಅವರದೇ ಎಂದು ಕೇಳಿದ್ದೆ. ನಾನು ಮಗಳ ಗುಣ ಹೇಳತೊಡಗಿದೆ. ಇಂಗ್ಲಿಷ್ ಚಲೋ, ಹೊಲಿಗೆ ಬರುತ್ತದೆ, ಕೊಟ್ಟಿಗೆಯ ಕಡೆ ಮಾತ್ರ ಹಾಯುವುದೇ ಇಲ್ಲ ಎಂದೆ.

ಮಗಳು ಉಪ್ಪಿಟ್ಟಿನ ತಾಟು ಹಿಡಿದು ಬಾಗಿಲಿಗೆ ಬಂದಳು. ಅದೇ ಹೊತ್ತಿಗೆ ಹಾಡು ಮುಗಿಯಿತು. ಮರುಕ್ಷಣ ಪರದೆಯ ತುಂಬ ಒಂದು ಆಕಳ ಹಿಂಭಾಗ, ಅದರೊಳಗೆ ಭುಜದ ತನಕ ಕೈ ಹಾಕಿ ನಿಂತ ದನದ ಡಾಕ್ಟರು.

ನಾನು ರಿಮೋಟಿಗೆ ಕೈ ಚಾಚಿದೆ. ಸೋದರಮಾವ ಅದನ್ನು ಎತ್ತಿ ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡರು.

ಅಲ್ಲಿಂದ ಮುಂದೆ ಕನ್ಯೆಯನ್ನು ಯಾರೂ ನೋಡಲಿಲ್ಲ. ಅಷ್ಟು ಎತ್ತರದ ಆಳು, ಕರು ಎಳೆಯೋದು ಬಿಟ್ಟು ಮಾತಾಡುತ್ತ ನಿಂತಾನಲ್ಲ ಎಂದು ಸೋದರಮಾವ ಡಾಕ್ಟರನನ್ನು ಬೈದರು. ಬಾಣಂತಿಯ ಎದುರು ಇಷ್ಟು ಗಂಡಸರು ಯಾಕೆ ಎಂದು ಅತ್ತೆಯವರು ಆಕ್ಷೇಪಿಸಿದರು. ನಮ್ಮ ಮನೆಯವರು ಹಗ್ಗ ಎಲ್ಲಿ, ಹಗ್ಗ ಎಲ್ಲಿ ಎಂದು ನಮ್ಮ ಪಡಸಾಲೆಯಲ್ಲೇ ಹುಡುಕತೊಡಗಿದರು. ಉಪ್ಪಿಟ್ಟು ಆರಿತು. ಮೂರನೆಯ ಸಂಬಂಧವೂ ಹೋಯಿತೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

ಆಗ ತಾಟು ಹಿಡಿದು ನಿಂತಲ್ಲಿಂದಲೇ ಮಗಳು ಮೆಲ್ಲಗೆ ಅಂದಳು: "ಒಂದ ಕಾಲಷ್ಟ ಹೊರಗ ಬಂದೈತಿ, ಕರುವಿನ ಇನ್ನೊಂದು ಮುಂಗಾಲು ಒಳಗ ಮಡಚೈತಿ. ಮೊದಲ ಒಳಗ ದಬ್ಬಿ ಕಾಲು ನೆಟ್ಟಗ ಮಾಡಬೇಕು, ಆಮೇಲೆ ಎಳೀಬೇಕು."

ಡಾಕ್ಟರು ಅವಳ ಮಾತು ಕೇಳಿದವನಂತೆ ಹಾಗೆಯೇ ಮಾಡಿದ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು, ತಲೆ ಕೊಡವಿತು. ಹುಡುಗನ ತಾಯಿ ಕಣ್ಣೊರೆಸಿಕೊಂಡರು. ಹುಡುಗ ಮೊದಲ ಸಲ ತಲೆಯೆತ್ತಿ ಮಗಳನ್ನು ನೋಡಿ, ಅದು ಹೇಗೆ ಗೊತ್ತಾಯಿತು ಎಂದು ಕೇಳಿದ. ನಮ್ಮ ಎಮ್ಮೆಗೂ ಹಾಗೇ ಆಗಿತ್ತು, ಆಗ ಕೈ ಹಾಕಿದ್ದು ನಾನೇ ಎಂದಳು. ನಾನು ಗೋಡೆಯ ಮೇಲಿನ ನನ್ನ ಪದವಿ ಪ್ರದಾನದ ಫೋಟೋ ನೋಡುತ್ತ ಕುಳಿತೆ.

ನಮ್ಮವರು ಸಮಯ ನೋಡಿ, ಹುಡುಗಿ ಮನಸ್ಸಿಗೆ ಬಂದಳೇ ಎಂದು ಸೋದರಮಾವನನ್ನು ಕೇಳಿದರು. ಅವರು ಟಿವಿಯಿಂದ ಕಣ್ಣು ಕೀಳದೆ, "ತಡೀರಿ, ಮಾಸು ಬೀಳಲಿ," ಎಂದರು. ಕರು ಹುಟ್ಟಿದ ಮೇಲೆ ಅದರ ಹಿಂದೆ ಬರುವ ಮಾಸು, ಅಂದರೆ ಗರ್ಭದ ಚೀಲ, ಬೀಳುವ ತನಕ ತಮ್ಮ ಮನೆತನದಲ್ಲಿ ಶುಭದ ಮಾತು ಆಡುವುದಿಲ್ಲವಂತೆ. ಆಕಳು ಯಾರದಾದರೇನು, ಕಣ್ಣಿಂದ ನೋಡಿಯಾಯಿತಲ್ಲ.

ಆದರೆ ಬ್ರಿಟಿಷರು ಅದನ್ನು ತೋರಿಸಲಿಲ್ಲ. ಕೊಟ್ಟಿಗೆ ಮಾಯವಾಗಿ ಒಂದು ಮೊಲದ ಹಲ್ಲುನೋವು ಶುರುವಾಯಿತು. ಸೋದರಮಾವ ನನ್ನ ಕಡೆ ತಿರುಗಿದರು. "ಅಕ್ಕಾರ, ನಿಮಗ ಇಂಗ್ಲಿಷ್ ತಿಳೀತೈತಿ. ಮಾಸು ಬಿತ್ತು ಅಂತ ಆ ಡಾಕ್ಟರ ಹೇಳಿದನೇನು?"

ನನ್ನ ಬಿ.ಎ.ಯಲ್ಲಿ ಆ ವಿಷಯ ಇರಲಿಲ್ಲ. ಆ ಮನುಷ್ಯ ತುಂಬ ಬೇಗ ಬೇಗ ಮಾತಾಡುತ್ತಾನೆ ಎಂದಷ್ಟೇ ಹೇಳಿದೆ. ಸೋದರಮಾವ ಟೊಪ್ಪಿಗೆ ಹಾಕಿಕೊಂಡು, ಹಾಗಾದರೆ ಈ ವಿಚಾರ ಮುಂದೆ ನೋಡೋಣ ಎಂದು ಎದ್ದು ನಿಂತರು. ಮಗಳು ಆರಿದ ಉಪ್ಪಿಟ್ಟಿನ ತಾಟನ್ನು ಕೆಳಗಿಟ್ಟಳು.

ಅಲ್ಲಿಯ ತನಕ ಮಾವನಿಗೆ ಎದುರಾಡದಿದ್ದ ಹುಡುಗ ತಟ್ಟನೆ ಎದ್ದು ಅವರ ತೋಳು ಹಿಡಿದುಕೊಂಡ.

"ಬಿದ್ದೈತಿ ಮಾವಾ, ಕುಂದರ್ರಿ. ಮೊಲದ ಹಿಂದ ಬಿದ್ದಿತ್ತು, ನಾ ನೋಡೇನಿ."