ಶಶಿಕುಮಾರ್ ಪೊದೆ ಕಡಿದ ದಿನ

ಬೆಳಗಿನ ಕಾಫಿ ಗಂಟಲಲ್ಲಿ ಇಳಿಯುವ ಮುಂಚೆಯೇ ಶಶಿಕುಮಾರನಿಗೆ ಹೆಂಡತಿ ರಮ್ಯಳ ಫೋನು ಬಂತು. ತಂಗಿಯ ಬಾಣಂತನಕ್ಕೆಂದು ಹಂಪಾಪುರಕ್ಕೆ ಹೋಗಿದ್ದವಳು ಸಂಜೆಯ ಬಸ್ಸಿಗೆ ವಾಪಸು ಬರುವವಳಿದ್ದಳು.

"ರೀ, ಶುಂಠಿ ಹಾಕೋರು ನಾಳೆ ಬೆಳಿಗ್ಗೆ ಬತ್ತಾರಂತೆ. ಹಿತ್ತಲ ಹೊಲ ಗುತ್ತಿಗೆಗೆ ಕೊಟ್ಬುಡ್ತೀನಿ."

"ಅಲ್ಲಿ ನನ್ನ ಮಾವಿನ ತೋಪು ಬರ್ಬೇಕಲ್ಲ ರಮ್ಯ."

"ಯಾವ ತೋಪು? ಅಲ್ಲಿರೋದು ಲಂಟಾನ ತೋಪು. ನಾನು ಬಸ್ ಇಳಿಯೋಷ್ಟೊತ್ತಿಗೆ ಆ ಪೊದೆ ಇಲ್ಲ ಅಂದ್ರೆ ಹೊಲ ನಿಮ್ದು. ಇದ್ರೆ ಶುಂಠಿಯೋರ್ದು."

ಫೋನು ಕಟ್ಟಾಯಿತು. ಕಾಫಿ ಆರಿತು.

ಹನಗೋಡಿನ ಪಕ್ಕದ ಆ ಹಳ್ಳಿಯಲ್ಲಿ ಶಶಿಕುಮಾರನ ಮಾವಿನ ತೋಪಿನ ವಿಚಾರ ತಿಳಿಯದವರಿರಲಿಲ್ಲ. ಜಗಲಿಯ ಮೇಲೆ ಕೂತೇ ಅವನು ಅದನ್ನು ಎಷ್ಟೋ ಸಲ ನೆಟ್ಟು, ನೀರು ಹಾಯಿಸಿ, ಬೀದಿಗೆಲ್ಲ ಹಣ್ಣು ಹಂಚಿಯೂ ಆಗಿತ್ತು. ಪ್ರತಿ ಮುಂಗಾರಿಗೂ ಸಸಿ ತಂದು ಸೂರಿನ ಕೆಳಗೆ ಸಾಲಾಗಿ ಇಡುತ್ತಿದ್ದ. ಹೋದ ವರ್ಷದವು ಕಾದು ಕಾದು ಬೇಸತ್ತು, ಕವರು ತೂತು ಮಾಡಿ ಬೇರು ಇಳಿಸಿ, ತಮ್ಮನ್ನು ತಾವೇ ನೆಟ್ಟುಕೊಂಡಿದ್ದವು. ಈ ವರ್ಷದವು ಇನ್ನೂ ಅವನನ್ನು ನಂಬಿಕೊಂಡು ನಿಂತಿದ್ದವು.

ಶಶಿಕುಮಾರ್ ಎದ್ದ. ಲುಂಗಿ ಎತ್ತಿ ಕಟ್ಟಿದ. ಅಟ್ಟದಿಂದ ಮಚ್ಚು ತೆಗೆದರೆ ಹಿಡಿ ಕೈಯಲ್ಲೇ ಉಳಿಯಿತು, ಅಲಗು ಅಟ್ಟದಲ್ಲೇ ಉಳಿಯಿತು. ಪಕ್ಕದ ಮನೆಯ ಗೋವಿಂದಯ್ಯನ ಬಾಗಿಲಿಗೆ ಹೋದ.

"ಗೋವಿಂದಣ್ಣ, ಒಂದು ಮಚ್ಚು ಕೊಡಿ."

ಹೊಗೆಸೊಪ್ಪಿನ ನಾಟಿಗೆ ಆಳು ಸಿಗದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ ಗೋವಿಂದಯ್ಯ ಕತ್ತೆತ್ತಿದ. "ಯಾರ್ ಮ್ಯಾಲೆ ಜಗಳ್ಲಾ?"

"ಯಾರ ಮ್ಯಾಲೂ ಇಲ್ಲ. ಹಿತ್ತಲ ಪೊದೆ ಕಡೀಬೇಕು."

ಗೋವಿಂದಯ್ಯ ಎದ್ದು ಬಂದು ಅವನ ಹಣೆ ಮುಟ್ಟಿ ನೋಡಿದ. ಜ್ವರ ಇರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಗಾಬರಿಯಾಯಿತು.

ಮೊದಲ ಏಟು ಬಿದ್ದ ಸದ್ದು ಬೀದಿಗೆಲ್ಲ ಕೇಳಿಸಿತು. ಎದುರು ಮನೆಯ ತಿಮ್ಮಮ್ಮ ಎಲೆ ಅಡಿಕೆ ಚೀಲದ ಸಮೇತ ಬಂದು ಬೇಲಿಯ ಹತ್ತಿರ ಕೂತಳು. ಚಿಕ್ಕಮಾದಯ್ಯ ಎಮ್ಮೆ ಹಿಡಿದುಕೊಂಡೇ ಬಂದ. ಹಿಂದೆಯೇ ಒಬ್ಬೊಬ್ಬರಾಗಿ ಬೀದಿ ಬೀದಿಯೇ ಬಂದು ನೆರೆಯಿತು. ಯಾರೂ ನಗಲಿಲ್ಲ. ಗ್ರಹಣ ನೋಡುವವರ ಹಾಗೆ ಸುಮ್ಮನೆ ನೋಡುತ್ತ ನಿಂತರು.

"ನಿಜವಾಗ್ಲೂ ಕಡೀತಾವ್ನೆ ಕಣಮ್ಮಿ," ಎಂದು ಚಿಕ್ಕಮಾದಯ್ಯ ತಗ್ಗಿದ ದನಿಯಲ್ಲಿ ಹೇಳಿದ.

"ಮಾತಾಡ್ಸಬ್ಯಾಡ ಸುಮ್ನಿರು," ಎಂದಳು ತಿಮ್ಮಮ್ಮ. "ನಿಂತ್ಬುಟ್ಟಾನು."

ನಿಲ್ಲಿಸಿದ್ದು ಕಡಜಗಳು. ಪೊದೆಯ ನಡುವೆ ಎಷ್ಟು ಕಾಲದಿಂದಲೋ ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿದ್ದ ಕಡಜದ ಗೂಡಿಗೆ ಮಚ್ಚು ತಗುಲಿತು. ಶಶಿಕುಮಾರ್ ಅಡುಗೆ ಮನೆ ಹೊಕ್ಕು, ಗೋಣಿಚೀಲ ಹೊದ್ದು ಹೊರಬಂದಾಗ ಒಂದು ಕಿವಿ ಹಬ್ಬದ ಕಜ್ಜಾಯದಂತೆ ಉಬ್ಬಿತ್ತು. ಇನ್ನೇನು ಮುಗಿಯಿತು ಎಂದುಕೊಂಡು ಜನ ಹೊರಡಲು ತಿರುಗಿದರು. ಅವನು ಗೂಡಿಗೆ ಹೊಗೆ ಹಾಕಿದ, ಕಡಜ ಚದುರುವವರೆಗೆ ಕಾದ, ಮತ್ತೆ ಪೊದೆಗೆ ನುಗ್ಗಿದ.

ಈಗ ತಿಮ್ಮಮ್ಮನ ಬಾಯಲ್ಲಿದ್ದ ಎಲೆ ಅಡಿಕೆಯೂ ಅಲುಗಲಿಲ್ಲ. "ಕಡಜ ಕಚ್ಚುದ್ರೂ ಬುಡ್ತಾ ಇಲ್ವಲ್ಲೋ ಈ ಮಗ," ಎಂದಳು ಕೊನೆಗೆ.

ಆದರೆ ಹೊತ್ತು ನೆತ್ತಿಗೇರಿದಾಗ ಅವನು ಕಡಿದದ್ದು ಒಂದು ಚಾಪೆ ಹಾಸುವಷ್ಟು ಜಾಗ. ಉಳಿದ ಲಂಟಾನ ಆನೆ ಹಿಂಡಿನ ಹಾಗೆ ಹಾಗೇ ನಿಂತಿತ್ತು. ಅವನು ಸೊಂಟ ಹಿಡಿದುಕೊಂಡು ಬಸ್ಸು ಬರುವ ದಾರಿಯ ಕಡೆ ನೋಡಿದ. ಕಣ್ಣಲ್ಲಿ ನೀರಿತ್ತು, ಕಡಜದ್ದೋ ತೋಪಿನದ್ದೋ ತಿಳಿಯುವಂತಿರಲಿಲ್ಲ.

ತಿಮ್ಮಮ್ಮನಿಗೆ ತಡೆಯಲಾಗಲಿಲ್ಲ. "ಅದೇನ್ಲಾ ಗಿಡಕ್ಕೆ ಕ್ಷೌರ ಮಾಡ್ತಿದ್ದೀಯ? ಬುಡಕ್ಕೆ ಆಕು. ತತ್ತಾ ಇಲ್ಲಿ." ಮಚ್ಚು ಕಿತ್ತುಕೊಂಡು ತಾನೇ ಬಗ್ಗಿದಳು.

ಗೋವಿಂದಯ್ಯ ಅದನ್ನು ನೋಡಿದ. ಏನೋ ಹೊಳೆದವನಂತೆ ಚಿಕ್ಕಮಾದಯ್ಯನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. ಚಿಕ್ಕಮಾದಯ್ಯ ಇನ್ನೊಬ್ಬರ ಕಿವಿಗೆ ಹಾಕಿದ. ನಿಂತಿದ್ದವರೆಲ್ಲ ಒಮ್ಮೆಗೇ ಮನೆಗಳಿಗೆ ಹೋದರು. ಸ್ವಲ್ಪ ಹೊತ್ತಿಗೆಲ್ಲ ಮಚ್ಚು, ಕೊಡಲಿ, ಗುದ್ದಲಿ ಹಿಡಿದು ತಿರುಗಿ ಬಂದರು.

"ಯಾಕಣ್ಣ ನೀವೆಲ್ಲ? ನಾನೇ ಮಾಡ್ತಿದ್ನಲ್ಲ," ಎಂದ ಶಶಿಕುಮಾರ್.

"ನೀನೇ ಇಷ್ಟು ಮನ್ಸು ಮಾಡಿರೋವಾಗ ನಾವು ಕೈ ಕಟ್ಕಂಡು ನಿಂತ್ಕಂಡ್ರೆ ಚೆನ್ನಾಗಿರ್ತದಾ?" ಎಂದ ಗೋವಿಂದಯ್ಯ.

ಶಶಿಕುಮಾರನ ಎದೆ ತುಂಬಿ ಬಂತು. ಒಬ್ಬ ಮನುಷ್ಯ ಒಂದು ದಿನ ಎದ್ದು ನಿಂತರೆ ಊರೇ ಅವನ ಜೊತೆ ಎದ್ದು ನಿಲ್ಲುತ್ತದೆಯೇ ಎಂದು ಅವನಿಗೆ ಬೆರಗಾಯಿತು. ಇದು ಮೊದಲೇ ಗೊತ್ತಿದ್ದರೆ ಯಾವತ್ತೋ ಏಳುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಪೊದೆ ಉರುಳಿತು. ಪೊದೆಯ ಆಚೆ, ಕೈ ಚಾಚಿದರೆ ಸಿಗುತ್ತದೇನೋ ಎನ್ನುವಷ್ಟು ಹತ್ತಿರದಲ್ಲಿ, ಲಕ್ಷ್ಮಣತೀರ್ಥ ಸಂಜೆಯ ಬೆಳಕನ್ನೆಲ್ಲ ಮೈಮೇಲೆ ಹೊದ್ದು ಹರಿಯುತ್ತಿತ್ತು. ತನ್ನ ಮನೆಯ ಹಿತ್ತಲಿನಿಂದ ಹೊಳೆ ಕಾಣುತ್ತದೆಂಬುದೇ ಶಶಿಕುಮಾರನಿಗೆ ಮರೆತುಹೋಗಿತ್ತು. ಚಿಕ್ಕಮಾದಯ್ಯ ತಲೆಯ ಟವಲು ತೆಗೆದು ಹೆಗಲಿಗೆ ಹಾಕಿಕೊಂಡ. ತಿಮ್ಮಮ್ಮ ಮೆಲ್ಲಗೆ ಕೈ ಮುಗಿದಳು.

ರಮ್ಯ ಬಂದದ್ದು ಆಗಲೇ. ಬ್ಯಾಗು ಹೆಗಲಲ್ಲೇ ಇತ್ತು. ಹೊಳೆ ನೋಡಿದಳು, ಹೊಲ ನೋಡಿದಳು, ಗಂಡನ ಕಿವಿ ನೋಡಿದಳು. ಫೋನು ತೆಗೆದಳು.

"ಅಣ್ಣ, ನಾಳೆ ಬರ್ಬ್ಯಾಡಿ. ಹೊಲ ಕೊಡಾಕಿಲ್ಲ. ನಮ್ಮೆಜಮಾನ್ರು ತೋಪು ಮಾಡ್ತಾರೆ."

ಶಶಿಕುಮಾರ್ ಸೂರಿನ ಕೆಳಗಿಂದ ಎರಡು ಸಸಿ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಇವತ್ತು ಕತ್ತಲಾಗುವುದರೊಳಗೆ ಎರಡು, ಉಳಿದವು ಬೆಳಿಗ್ಗೆ ಎದ್ದ ಕೂಡಲೇ ಎಂದು ಅವನ ಮನಸ್ಸು ಕುಣಿಯುತ್ತಿತ್ತು.

ಗೋವಿಂದಯ್ಯ ಕೈ ತೊಳೆದುಕೊಂಡು ಬಂದ. "ಸರಿ ಕಣ್ಲಾ ಶಶಿ. ನಾಳೆ ಕೋಳಿ ಕೂಗೋ ಒತ್ಗೆ ನಮ್ಮೊಲದ ತಾವ ಬಂದ್ಬುಡು. ಒಗೆಸೊಪ್ಪಿನ ನಾಟಿ."

"ನಾನಾ?"

"ಇನ್ಯಾರು? ನಾವೆಲ್ಲ ಇವತ್ತು ಮುಯ್ಯಾಳಿಗೆ ಬಂದಿಲ್ವಾ? ನಿನ್ನೊಲಕ್ಕೆ ನಾವು ಒಂದಿನ ಬಗ್ಗಿದ್ರೆ, ನಮ್ಮೊಲಕ್ಕೆ ನೀನು ಒಂದಿನ ಬಗ್ಗೋದು."

"ನಾಳಿದ್ದು ನನ್ನೊಲದ್ದು," ಎಂದಳು ತಿಮ್ಮಮ್ಮ. "ಅದರ ಮಾರ್ನೆ ದಿನ ನಂದು," ಎಂದ ಚಿಕ್ಕಮಾದಯ್ಯ. ಹಿಂದೆ ನಿಂತಿದ್ದವರೂ ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ದಿನ ಹೇಳಿದರು.

ಊರೆಲ್ಲ ಒಬ್ಬರಿಗೊಬ್ಬರು ಮುಯ್ಯಾಳು ಹೋಗುವುದನ್ನು ಶಶಿಕುಮಾರ್ ಕಂಡಿದ್ದ. ಅವನ ಹೊಲದಲ್ಲಿ ಎಂದೂ ಕೆಲಸವೇ ನಡೆಯದಿದ್ದರಿಂದ ಅದು ತನಗೂ ಸುತ್ತಿಕೊಳ್ಳಬಹುದೆಂದು ಹೊಳೆದಿರಲಿಲ್ಲ. ನಾಟಿ ಆದ ಮೇಲೆ ಕಳೆ, ಕಳೆ ಆದ ಮೇಲೆ ಸೊಪ್ಪು ಮುರಿಯುವುದು, ಆಮೇಲೆ ರಾಗಿ. ಅಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ. ಬುಡ ಕಡಿದ ಲಂಟಾನ ಎದೆಯೆತ್ತರ ಚಿಗುರಿರುತ್ತದೆ.

ಅವನು ಹೆಂಡತಿಯ ಮುಖ ನೋಡಿದ. ಅವಳ ಕಣ್ಣು ಹೆಮ್ಮೆಯಿಂದ ಮಿನುಗುತ್ತಿತ್ತು. "ಬತ್ತಾರೆ ಗೋವಿಂದಣ್ಣ," ಎಂದಳು. "ನಾನೇ ಎಬ್ಬಿಸಿ ಕಳುಸ್ತೀನಿ."

ಶಶಿಕುಮಾರ್ ಸಸಿ ಕೆಳಗಿಟ್ಟು, ಪಕ್ಕದಲ್ಲಿ ಬಿದ್ದಿದ್ದ ಗುದ್ದಲಿ ಎತ್ತಿ, ಆ ಮಬ್ಬು ಬೆಳಕಿನಲ್ಲೇ ಗುಂಡಿ ತೋಡಲು ಶುರು ಮಾಡಿದ. ಹುಚ್ಚು ಹಿಡಿದವನಂತೆ ತೋಡಿದ.

ಹೊರಟಿದ್ದ ಚಿಕ್ಕಮಾದಯ್ಯ ಬೇಲಿಯ ಹತ್ತಿರ ನಿಂತು, ಬಾಯಿ ಬಿಟ್ಟು ಸ್ವಲ್ಪ ಹೊತ್ತು ನೋಡಿದ.

"ನೋಡ್ ಗೋವಿಂದ, ಇಡೀ ದಿನ ದುಡುದ್ರೂ ಇವ್ನ್ಗೆ ದಣಿವೇ ಇಲ್ವಲ್ಲ," ಎಂದ ಬೆರಗಿನಿಂದ. "ಪಕ್ಕದೂರಲ್ಲಿ ನಮ್ಮ ಬೀಗರ್ಗೂ ನಾಟಿಗೆ ಆಳು ಸಿಕ್ತಿಲ್ವಂತೆ. ಇವ್ನೇ ಬತ್ತಾನೆ ಅಂತ ಹೇಳ್ಬುಡ್ಲಾ?"